ಬೆಲೆಂನ ಹಳೇ ಇಗರ್ಜಿಗೆ ಹೋಗುವುದಾದರೆ ಮಳೆಗಿಂತ ಮೊದಲೇ ಹೋಗಿ

ಅಲ್ಯುಮಿನಾ (ಅಲ್ಯುಮಿನಿಯಂ ಮಾಡುವ ಬಿಳಿ ಪುಡಿ) ತುಂಬಿಸಲು ನಮ್ಮ ಹಡಗು ಬ್ರೆಜಿಲಿನ ವಿಲಾ ದೊ ಕೋಂದೆ ಬಂದರಿಗೆ ಹೋದಾಗ ಒಂದು ದಿನ ರಜೆ ಸಿಕ್ಕಿದರೂ ನಾನು ಬೆಲೆಂಗೆ ಓಡುತ್ತೇನೆ. ಅಮೆಜಾನ್ ಕಾಡಿನ ಹೆಬ್ಬಾಗಿಲು ಅಂತ ಹೇಳುವ ಊರು ಅದು. ಮೊದಲ ಸಲ ಹೋದದ್ದು ದಂಡ. ಮಧ್ಯಾಹ್ನ ಒಂದೂವರೆಗೆ ಮುಟ್ಟಿದರೆ ಇಗರ್ಜಿಯ ಬಾಗಿಲು ಹಾಕಿತ್ತು. ಮೂರಕ್ಕೆ ಸುರಿದ ಮಳೆಗೆ ಬೂಟಿನೊಳಗೆ ಮೀನು ಸಾಕಬಹುದಿತ್ತು.

ಹಾಗಾಗಿ ಬೆಳಿಗ್ಗೆ ಎಂಟಕ್ಕೆಲ್ಲ ಅಲ್ಲಿರಿ. ಅಲ್ಲಿ ದಿನಾ ಮಧ್ಯಾಹ್ನದ ಮೇಲೆ ಮಳೆ ಮಾಮೂಲು. 'ಮಳೆಗಿಂತ ಮೊದಲು ಸಿಗುವನಾ, ಮಳೆ ಬಿಟ್ಟ ಮೇಲಾ' ಅಂತಲೇ ಆ ಊರಿನವರು ಸಮಯ ಗೊತ್ತು ಮಾಡುವುದಂತೆ. ಡಿಸೆಂಬರಿನಿಂದ ಮೇವರೆಗೆ ಜೋರು ಮಳೆ, ಆಮೇಲೆ ಸ್ವಲ್ಪ ಕಡಿಮೆ. ಕೊಡೆ ಮಾತ್ರ ಯಾವಾಗಲೂ ಬೇಕು.

ಟ್ಯಾಕ್ಸಿಯವನಿಗೆ ಇಗರ್ಜಿಯ ಹೆಸರು 'ಕತೆದ್ರಾವ್ ದಾ ಸೆ' ಅಂದರೆ ಸಾಕು, ಹಳೇ ಪೇಟೆಯ ಚೌಕದಲ್ಲಿ ಇಳಿಸುತ್ತಾನೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ. ಮೊಬೈಲು ಜೇಬಿನಲ್ಲಿರಲಿ; ಜನ ಇಲ್ಲದ ಗಲ್ಲಿಗಳಲ್ಲಿ ಕತ್ತಲಾದ ಮೇಲೆ ಸುತ್ತುವುದು ಬೇಡ.

ಒಳಗೆ ಹೋಗುವ ಮೊದಲು ಎದುರಿನ ಚೌಕದಲ್ಲಿ ನಿಂತು ಎರಡು ಗೋಪುರಗಳ ಬಿಳಿ ಮುಖ ನೋಡಿ. ಕೆಲಸ ಶುರುವಾದದ್ದು 1748ರಲ್ಲಿ. ಅದಕ್ಕೆ ಈಗಿನ ರೂಪ ಕೊಟ್ಟದ್ದು ಇಟಲಿಯ ಬೊಲೋನ್ಯಾ ಊರಿನ ವಾಸ್ತುಶಿಲ್ಪಿ ಆಂತೊನಿಯೊ ಲಾಂದಿ. 1753ರಲ್ಲಿ ಪೋರ್ಚುಗಲ್–ಸ್ಪೇನ್ ವಸಾಹತುಗಳ ಗಡಿ ಗುರುತಿಸುವ ತಂಡದ ಜೊತೆ ನಕ್ಷೆ ಬರೆಯಲು ಬಂದ ಆಸಾಮಿ, ಮತ್ತೆ ಊರಿಗೆ ಹೋಗಲೇ ಇಲ್ಲ. 1791ರಲ್ಲಿ ಬೆಲೆಂನಲ್ಲೇ ತೀರಿಕೊಂಡ. ಹಡಗಿನಲ್ಲಿ ದುಡಿಯುವ ನನಗೆ ಈ ಕತೆ ಸ್ವಲ್ಪ ಹೆಚ್ಚೇ ನಾಟುತ್ತದೆ.

ಒಳಗೆ ಹೋದ ಕೂಡಲೇ ಪೀಠದ ಕಡೆಗೆ ನಡೆಯಬೇಡಿ. ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ಕೂತುಕೊಳ್ಳಿ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒಂದೊಂದೇ ಚಿತ್ರ ಎದ್ದು ಬರುತ್ತದೆ. ಮಾಡಿನ ಚಿತ್ರಗಳಲ್ಲಿ ದೊಮೆನಿಕೊ ದೆ ಆಂಜೆಲಿಸನ ಕೈಯಿದೆ. ಅವನೂ ಇಟಲಿಯವನೇ. ಮಂಗಳೂರಿನ ಅಲೋಶಿಯಸ್ ಚಾಪೆಲಿನಲ್ಲಿ ಇಟಲಿಯ ಮೊಸ್ಕೇನಿ ಚಿತ್ರ ಬರೆದ ಗೋಡೆಗಳನ್ನು ನೋಡಿ ಬೆಳೆದವನಿಗೆ ಕತ್ತು ನೋಯುವವರೆಗೆ ಮೇಲೆ ನೋಡುವುದು ಹೊಸತಲ್ಲ ಬಿಡಿ. ಇನ್ನು ಹಿಂದೆ ತಿರುಗಿ ಮಹಡಿ ನೋಡಿ: ಪ್ಯಾರಿಸ್ಸಿನ ಕವಾಯೆ-ಕೋಲ್ ಕಾರ್ಖಾನೆಯ ದೊಡ್ಡ ಆರ್ಗನ್, 1882ರದು. ಪೂಜೆ ನಡೆಯುತ್ತಿದ್ದರೆ ಫೋಟೋ ತೆಗೆಯಬೇಡಿ.

ಅಕ್ಟೋಬರಿನ ಎರಡನೇ ಭಾನುವಾರ ಇಗರ್ಜಿ ನೋಡುವ ಆಸೆ ಬಿಡಿ. ಅವತ್ತು 'ಸೀರಿಯು', ನಜರೆ ಮಾತೆಯ (ಮೇರಿ ಮಾತೆಯ) ಪುಟ್ಟ ಮೂರ್ತಿ ಇಲ್ಲಿಂದ ಅವಳದೇ ದೊಡ್ಡ ಇಗರ್ಜಿ ನಜರೆ ಬಸಿಲಿಕಾಕ್ಕೆ ಹೊರಡುತ್ತದೆ. 1793ರಿಂದ ಬಂದ ಮೆರವಣಿಗೆ, ಲಕ್ಷಗಟ್ಟಲೆ ಜನ. ಹರಕೆ ಹೊತ್ತವರು ಬರಿಗಾಲಲ್ಲಿ ಸುಮಾರು 400 ಮೀಟರ್ ಉದ್ದದ ಹಗ್ಗ ಹಿಡಿದು ನಡೆಯುತ್ತಾರೆ. ನಮ್ಮ ತೇರಿನ ಹಗ್ಗಕ್ಕೆ ಕೈ ಹಾಕಿದವರಿಗೆ ಆ ನೂಕುನುಗ್ಗಲು ಎಂಥದ್ದೆಂದು ಹೇಳಬೇಕಾಗಿಲ್ಲ. ಉತ್ಸವ ಬೇಕಾದರೆ ಆಗ ಹೋಗಿ, ಕಟ್ಟಡ ಬೇಕಾದರೆ ಬೇರೆ ದಿನ.

ಹೊರಗೆ ಬಂದರೆ ಪಕ್ಕದಲ್ಲೇ 1616ರಲ್ಲಿ ಊರು ಹುಟ್ಟಿದ ಜಾಗ, ಪ್ರೆಸೆಪಿಯು ಕೋಟೆ. ಅರ್ಧ ಗಂಟೆ ಸಾಕು. ಅಲ್ಲಿಂದ ನೀರಿನ ದಡ ಹಿಡಿದು ವೆರು-ಪೇಜು ಸಂತೆಗೆ ನಡೆಯಿರಿ. ಸಕ್ಕರೆ ಹಾಕದ ಅಸಾಯಿ, ಹುರಿದ ಮೀನು, ಮರಗೆಣಸಿನ ಪುಡಿ ಕೊಡುತ್ತಾರೆ. ಅಸಾಯಿ ಅಂದರೆ ಕಡುನೇರಳೆ ಹಣ್ಣಿನ ಗೊಜ್ಜು. ಮೊದಲ ತುತ್ತು ಮಣ್ಣು ತಿಂದಂತೆ, ಮೂರನೆಯದಕ್ಕೆ ಬಟ್ಟಲು ಖಾಲಿ. ಅಷ್ಟರಲ್ಲಿ ಮೋಡ ಕಟ್ಟಿರುತ್ತದೆ. ತಗಡಿನ ಮಾಡಿನ ಅಡಿಯಲ್ಲೇ ಒಂದು ಸ್ಟೂಲು ಹಿಡಿದುಕೊಳ್ಳಿ.