ಆಗಮನಾಲಾಭಿಷಿಗಳು: ಪ್ರೂಫ್ ನೋಡುವವನ ಅನುಭವ

ಮೇಲಿನ ಶೀರ್ಷಿಕೆಯನ್ನು ಇನ್ನೊಮ್ಮೆ ಓದಿ. 'ಆಗಮನಾಭಿಲಾಷಿಗಳು' ಅಂತಿರಬೇಕಿತ್ತು, 'ಭಿ' ಮತ್ತು 'ಲಾ' ಜಾಗ ಬದಲಿಸಿಕೊಂಡಿವೆ. ಬಹಳ ಜನ ಗಮನಿಸದೆ ಮುಂದೆ ಹೋಗುತ್ತಾರೆ. ಬೆಳಗಾವಿಯ ಖಡೇಬಜಾರ್ ಕಡೆ ಒಂದು ಪ್ರೆಸ್ಸಿನಲ್ಲಿ ನಾನು ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ) ಮಾಡುತ್ತೇನೆ, ಪ್ರೂಫೂ ನೋಡುತ್ತೇನೆ, ಅಂದರೆ ಅಚ್ಚಿಗೆ ಮೊದಲು ತಪ್ಪು ಹುಡುಕುತ್ತೇನೆ. ಮದುವೆ ಸೀಸನ್‌ನಲ್ಲಿ ಲಗ್ನಪತ್ರಿಕೆಗಳ ಮೇಲೆ ಈ ಪದ ದಿನಾ ಕಣ್ಣಿಗೆ ಬೀಳುತ್ತದೆ. ಹಾಗೆ ದಿನಾ ಕಂಡ ಪದವನ್ನು ಯಾರೂ ಓದುವುದಿಲ್ಲ, ಸುಮ್ನೆ ಗುರುತು ಹಿಡಿಯುತ್ತಾರೆ ಅಷ್ಟೇ.

ಅಕ್ಷರ ಕಲಸಿದ ಆ ಇಂಗ್ಲಿಷ್ ಮೆಸೇಜ್ ನಿಮಗೂ ಬಂದಿರಬೇಕು. 2003ರಿಂದ ಓಡಾಡುತ್ತಿದೆ. ಮೊದಲ ಮತ್ತು ಕೊನೆಯ ಅಕ್ಷರ ಸರಿಯಿದ್ದರೆ ಸಾಕು, ನಡುವೆ ಹೇಗಿದ್ದರೂ ಓದಬಹುದು, ಇದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧನೆ ಅಂತ ಅದರಲ್ಲಿದೆ. ಆದರೆ ಅಂಥ ಸಂಶೋಧನೆ ಅಲ್ಲಿ ನಡೆದೇ ಇರಲಿಲ್ಲ. ಇದಕ್ಕೆ ಹತ್ತಿರದ ಕೆಲಸ ಅಂದರೆ ಗ್ರಹಾಂ ರಾಲಿನ್ಸನ್ 1976ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಬರೆದ ಪಿಎಚ್‌ಡಿ ಪ್ರಬಂಧ. 'ಸಾಕು' ಅನ್ನುವ ಮಾತೂ ಪೂರ್ತಿ ನಿಜವಲ್ಲ. ಮನಃಶಾಸ್ತ್ರಜ್ಞ ಕೀತ್ ರೇನರ್ ಮತ್ತು ಜೊತೆಗಾರರು 2006ರಲ್ಲಿ ಇಂಗ್ಲಿಷ್ ಓದುಗರನ್ನು ಪರೀಕ್ಷಿಸಿದರು. ಪದದ ನಡುವೆ ಅಕ್ಷರ ಅದಲುಬದಲಾದರೆ ಓದುವ ವೇಗ ಶೇ 11ರಷ್ಟು ಇಳಿಯಿತು. ಕೊನೆಯಲ್ಲಾದರೆ ಶೇ 26, ಶುರುವಿನಲ್ಲೇ ಆದರೆ ಶೇ 36.

ಯಾವ ಯಾವ ಅಕ್ಷರಗಳಿವೆ ಅನ್ನೋದನ್ನು ಮಿದುಳು ಒಟ್ಟಿಗೇ ಹಿಡಿಯುತ್ತದೆ. ಯಾವುದರ ಮುಂದೆ ಯಾವುದು ಅನ್ನೋದರಲ್ಲಿ ಅದರ ಹಿಡಿತ ಸ್ವಲ್ಪ ಸಡಿಲ. ಉಳಿದದ್ದನ್ನು ಅಕ್ಕಪಕ್ಕದ ಪದಗಳು, ಮಾತಿನ ಅರ್ಥ ತುಂಬಿಕೊಡುತ್ತವೆ.

ಕನ್ನಡದಲ್ಲಿ ಇದು ಹೇಗೆ? ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗೆ ನಾನು 'ಬೆಗಾಳವಿ, ಬಾಲಗಕೋಟೆ, ವಿಯಜಪುರ' ಅಂತ ಬರೆದು ಕೊಡುತ್ತೇನೆ. ಸರಾಗವಾಗಿ ಓದಿ, "ಸರಿ ಐತಲ್ರಿ ಸರ, ಏನ್ ತಪ್ಪೈತಿ?" ಅನ್ನುತ್ತಾರೆ. 'ಳಬೆಗಾವಿ' ಅಂತ ಬರೆದರೆ ಅಲ್ಲೇ ನಿಲ್ಲುತ್ತಾರೆ. ನಮ್ಮಲ್ಲಿ ಮೂರಕ್ಷರದ ಪದಗಳು ಎಷ್ಟೊಂದು! ನಡುವೆ ಇರುವುದೇ ಒಂದು ಅಕ್ಷರ, ಕಲಸಲು ಏನಿದೆ? ನಮ್ಮ ಕಾಟ ಬೇರೆಯೇ. ಅಕ್ಷರ ಅಲ್ಲೇ ಇದ್ದು ಅದರ ಕಾಗುಣಿತ ಜಿಗಿಯುತ್ತದೆ. 'ಮುಹೂರ್ತ' ಹೋಗಿ 'ಮೂಹುರ್ತ' ಆಗಿರುತ್ತದೆ. ಇದನ್ನು ಹಿಡಿಯುವುದು ಎಲ್ಲಕ್ಕಿಂತ ಕಷ್ಟ, ಯಾಕಂದರೆ ಪದದ ಆಕಾರ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ.

ಹಾಗಾಗಿ ಪ್ರೂಫ್ ನೋಡುವಾಗ ಅರ್ಥವನ್ನೇ ಕಿತ್ತುಹಾಕಬೇಕು ಅನ್ನೋದು ನನ್ನ ಲೆಕ್ಕ. ಸ್ಕ್ರೀನ್ ಮೇಲೆ ನೋಡುವುದಿಲ್ಲ, ಕಾಗದಕ್ಕೆ ಪ್ರಿಂಟ್ ತೆಗೆಯುತ್ತೇನೆ. ಸ್ಕೇಲ್ ಇಟ್ಟು ಉಳಿದ ಸಾಲುಗಳನ್ನು ಮುಚ್ಚುತ್ತೇನೆ. ಆಮೇಲೆ ಕೊನೆಯ ಪದದಿಂದ ಹಿಂದಕ್ಕೆ ಬರುತ್ತೇನೆ: 'ಬಳಗ', 'ಬಂಧು', 'ಹಾಗೂ'. ಹೀಗೆ ಓದಿದರೆ ಮುಂದೇನು ಬರುತ್ತದೆ ಅಂತ ಊಹಿಸಲು ಆಗೋದಿಲ್ಲ, ಪ್ರತಿ ಪದವನ್ನೂ ನೋಡಲೇಬೇಕಾಗುತ್ತದೆ. ಬೇಜಾರಿನ ಕೆಲಸ, ನಿಜ.

ದೊಡ್ಡ ಕೆಲಸವಾದರೆ ಇಬ್ಬರು ಕೂರುತ್ತೇವೆ. ಒಬ್ಬ ಟೈಪಾದದ್ದನ್ನು ಜೋರಾಗಿ ಓದಬೇಕು, ಇನ್ನೊಬ್ಬನ ಕಣ್ಣು ಕೈಬರಹದ ಮೇಲೆ. ಸಹಜವಾಗಿ ಓದಿದರೆ ನಾಲಿಗೆಯೂ ತಪ್ಪನ್ನು ತಾನೇ ತಿದ್ದಿಬಿಡುತ್ತದೆ. ಅದಕ್ಕೇ 'ಮೂ... ಹು... ರ್ತ' ಅಂತ ಬಿಡಿಸಿ ಬಿಡಿಸಿ ಓದಿಸುತ್ತೇನೆ. ಅಂಗಡಿಗೆ ಬಂದವರು ನಗುತ್ತಾರೆ, ನಗಲಿ.

ಹೆಸರುಗಳ ವಿಷಯ ಪೂರ್ತಿ ಉಲ್ಟಾ. 'ಹೊಸಮನಿ' ಬದಲು 'ಹೊಮಸನಿ' ಅಂತಿದ್ದರೆ ಆ ಮನೆಯವರು ದೂರದಿಂದಲೇ ಹಿಡಿಯುತ್ತಾರೆ, ಕೆಳಗಿನ 'ಆಗಮನಾಲಾಭಿಷಿಗಳು' ಮಾತ್ರ ಅವರ ಕಣ್ಣಿಗೆ ಬೀಳೋದಿಲ್ಲ. ನನಗೋ ಆ ಹೆಸರು ಹೊಸದು, ಮಿದುಳಿನಲ್ಲಿ ಅದರ ಅಚ್ಚೇ ಇಲ್ಲ. ಅದಕ್ಕೆ ಹೆಸರುಗಳಿಗೆ ಹುಡುಗಿಯ ಕಡೆಯಿಂದ ಒಬ್ಬರು, ಹುಡುಗನ ಕಡೆಯಿಂದ ಒಬ್ಬರು ಸಹಿ ಹಾಕಲೇಬೇಕು.

ಅಂಕಿಗಳಿಗೆ ಮಾತ್ರ ಯಾರ ಮಿದುಳೂ ಸಹಾಯಕ್ಕೆ ಬರುವುದಿಲ್ಲ. 16 ಮತ್ತು 61 ಎರಡೂ ಸರಿಯಾಗಿಯೇ ಕಾಣುತ್ತವೆ, ಅಲ್ವಾ? ತಾರೀಖಿನ ಪಕ್ಕ ವಾರ ಇದ್ದರೆ ಕ್ಯಾಲೆಂಡರ್ ತೆಗೆದು ಹೋಲಿಸುತ್ತೇನೆ. ಫೋನ್ ನಂಬರನ್ನು ಪ್ರೂಫ್ ನೋಡಿಕೊಂಡೇ ಒತ್ತುತ್ತೇನೆ, ರಿಂಗ್ ಆಗಿ ಆ ಮನೆಯವರೇ ಎತ್ತಿದ ಮೇಲೆ ಅಚ್ಚಿನ ಪ್ಲೇಟಿಗೆ ಕಳಿಸುತ್ತೇನೆ.