ಕೊಡೆ ಎಲ್ಲಿಟ್ಟೆ?

ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಯಾರ ಮನೆ ಕಾರ್ಯಕ್ಕೆ ಹೋದರೂ ಜಗಲಿ ಮೂಲೆಯಲ್ಲಿ ಕೊಡೆಗಳ ರಾಶಿ. ಎಲ್ಲವೂ ಕಪ್ಪು. ಒಂದು ಸೀಮಂತದ ಊಟ ಮುಗಿಸಿ ಹೊರಟ ನಮ್ಮ ಮನೆಯವರು ಕೊಡೆ ಬಿಚ್ಚಿದರೆ ಎರಡು ಕಡ್ಡಿ ಮುರಿದಿತ್ತು. ಹೊಸ ಕೊಡೆ ಯಾರೋ ಎತ್ತಿಕೊಂಡು ಹೋದರು ಎಂದು ದಾರಿಯುದ್ದಕ್ಕೂ ಬೇಜಾರು. ಮನೆಗೆ ಬಂದರೆ ನಮ್ಮ ಕೊಡೆ ನಮ್ಮದೇ ಜಗಲಿ ಗೂಟದಲ್ಲಿ ತೂಗುತ್ತಿದೆ! ಹೋಗುವಾಗ ಮಳೆ ಇರಲಿಲ್ಲ, ಒಯ್ದೇ ಇರಲಿಲ್ಲ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮಾರನೇ ದಿನ ಆ ಕೊಡೆಗೆ ಕಡ್ಡಿ ಹಾಕಿಸಿ, ಜೊತೆಗೆ ನಾಲ್ಕು ಸೌತೆಕಾಯಿ ಇಟ್ಟು ವಾಪಸ್ ಕೊಟ್ಟು ಬಂದರು. ಅಂದಿನಿಂದ ನಮ್ಮ ಕೊಡೆ ಹಿಡಿಗೆ ಕೆಂಪು ಉಲ್ಲನ್ ದಾರ ಸುತ್ತಿದ್ದೇನೆ. ನೀವೂ ಸುತ್ತಿ.

ಕೈ ವಸ್ತು ಇಡುತ್ತಿರುತ್ತದೆ, ಮನಸ್ಸು ಅಡಿಕೆ ಕೊಯ್ಲಿನ ಲೆಕ್ಕದಲ್ಲಿರುತ್ತದೆ. ಇಟ್ಟದ್ದು ತಲೆಗೆ ಹೋಗದೇ ಇದ್ದರೆ ಆಮೇಲೆ ನೆನಪಾಗುವುದು ಹೇಗೆ? ಅದಕ್ಕೇ ಬೀಗದ ಕೈ ಇಡುವಾಗ ಬಾಯಿಬಿಟ್ಟು ಹೇಳಿ: "ಬೀಗದ ಕೈ ಗೂಡಿನಲ್ಲಿಟ್ಟೆ." ಕೇಳಿದವರು ನಗಲಿ ಬಿಡಿ. ಅಡುಗೆಮನೆಗೆ ಬಂದು ಯಾಕೆ ಬಂದೆ ಅಂತ ಮರೆತರೆ, ಸುಮ್ನೆ ಹೊರಟ ಜಾಗಕ್ಕೇ ಹೋಗಿ ನಿಲ್ಲಿ. ಬಹಳ ಸಲ ಅಲ್ಲೇ ಹೊಳೆಯುತ್ತದೆ.

ಒಲೆ ಮೇಲೆ ಹಾಲಿಟ್ಟಾಗ ಫೋನ್ ಬಂದರೆ ಉರಿ ಆರಿಸಿಯೇ ಹೋಗಿ. ಸಣ್ಣ ಉರಿಯಲ್ಲಿ ಬಿಟ್ಟು ಅರೆಕ್ಷಣ ಹೊರಗೆ ಹೋಗಲೇಬೇಕಾದರೆ ಸೌಟನ್ನು ಕೈಯಲ್ಲೇ ಹಿಡಿದುಕೊಳ್ಳಿ. ಅಂಗಳಕ್ಕೆ ಬಂದರೂ ಕೈಯಲ್ಲಿರುವ ಸೌಟು ವಾಪಸ್ ಕಳಿಸುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಗೆ ಹಾಕಿದ ತಿಂಗಳು ಬರೆದ ಚೀಟಿ ಕಟ್ಟಿ. ಬಂಗಾರವನ್ನು ಜೋಪಾನ ಅಂತ ಅಕ್ಕಿ ಡಬ್ಬಿಯಲ್ಲಿ ಹುಗಿದರೆ ಮನೆಯಲ್ಲಿ ಇನ್ನೊಬ್ಬರಿಗಾದರೂ ಹೇಳಿಡಿ.

ಮಾತ್ರೆ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಏಳು ದಿನಕ್ಕೆ ಏಳು ಖಾನೆ ಇರುವ ಡಬ್ಬಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಬಿಪಿ ಮಾತ್ರೆ ನುಂಗಿದೆನೋ ಇಲ್ಲವೋ ಅಂತ ಅನುಮಾನವಾದರೆ ಸುಮ್ಮನೆ ಇನ್ನೊಂದು ನುಂಗಬೇಡಿ, ಡಾಕ್ಟರನ್ನು ಕೇಳಿ. ಬಿ12 ವಿಟಮಿನ್ ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ, ನಿದ್ದೆ ಕೆಟ್ಟರೂ ಮರೆವು ಜಾಸ್ತಿಯಾಗಬಹುದು. ದಿನಾ ಓಡಾಡುವ ದಾರಿಯೇ ತಪ್ಪುತ್ತಿದ್ದರೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರೆ ವಯಸ್ಸಾಯ್ತು ಅಂತ ಕೂರಬೇಡಿ, ಕರೆದುಕೊಂಡು ಹೋಗಿ ತೋರಿಸಿ.

ಇನ್ನು ಹೆಸರು. ಮದುವೆ ಮನೆಯಲ್ಲಿ ಯಾರಾದರೂ "ನನ್ನ ಗುರುತು ಸಿಕ್ತಾ?" ಅಂದರೆ ಹೂಂಗುಟ್ಟಿ ಒದ್ದಾಡಬೇಡಿ. "ಮುಖ ನೆನಪಿದೆ ಮಾರಾಯ್ತಿ, ಹೆಸರು ನೀನೇ ಹೇಳು" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಚಿಕ್ಕವರಿಗೂ ಒಂದು ಮಾತು. ವಯಸ್ಸಾದವರನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಪರೀಕ್ಷೆ ಮಾಡಬೇಡಿ, ಅವರಿಗೆ ತುಂಬಾ ನೋವಾಗುತ್ತದೆ. ಹತ್ತಿರ ಕೂತು "ದೊಡ್ಡಮ್ಮಾ, ನಾನು ಹೊಸನಗರದ ನಿಮ್ಮ ತಂಗಿ ಸೊಸೆ" ಅಂತ ನೀವೇ ಮೊದಲು ಹೇಳಿಬಿಡಿ.