ಬಾಗಿಲ ಹತ್ತಿರದ ಚೀಲ ನಂಬಬೇಡಿ: ಹೂಗ್ಲಿ ಬಂದರಿನಲ್ಲಿ ಆಹಾರ ತಪಾಸಣೆಯ ನನ್ನ ಅನುಭವ

ಕೋಲ್ಕತ್ತಾ ಬಂದರು ಇರುವುದು ಸಮುದ್ರದ ದಡದಲ್ಲಲ್ಲ, ಹೂಗ್ಲಿ ನದಿಯಲ್ಲಿ 200 ಕಿ.ಮೀ.ಗೂ ಜಾಸ್ತಿ ಒಳಗೆ. ಹಡಗು ಉಬ್ಬರ ನೋಡಿಕೊಂಡೇ ಬರಬೇಕು. ಮಾಲು ಇಳಿಯುವ ಹೊತ್ತಿಗೆ ಆಮದುದಾರರ ಪರವಾಗಿ ಮಾಲು ಬಿಡಿಸಿಕೊಳ್ಳುವ ಕ್ಲಿಯರಿಂಗ್ ಏಜೆಂಟರಿಗೆ ವಿಪರೀತ ಅವಸರ, ದಿನ ಕಳೆದಷ್ಟೂ ಬಾಡಿಗೆ ಏರುತ್ತದೆ ಅಲ್ವಾ. "ಸರ್, ಕಂಟೇನರ್ ಬಾಗಿಲ ಹತ್ತಿರದ ಚೀಲದಿಂದಲೇ ಸ್ಯಾಂಪಲ್ ತಗೊಳ್ಳಿ" ಅನ್ನುವ ಮಾತು ದಿನಾ ಕೇಳುತ್ತಿದ್ದೆ. ನಾನು ಒಪ್ಪುತ್ತಿರಲಿಲ್ಲ.

ಕಾಗದಪತ್ರದ ಕೆಲಸ ಬೇಗ ಮುಗಿಯುತ್ತದೆ. ಬಾಳಿಕೆ ಅವಧಿಯಲ್ಲಿ 60 ಪರ್ಸೆಂಟ್ ಅಥವಾ ಮೂರು ತಿಂಗಳು, ಯಾವುದು ಕಡಿಮೆಯೋ ಅಷ್ಟಾದರೂ ಬಾಕಿ ಇರಬೇಕು. ಯಾರ್ಡಿಗೆ ಹೋದಮೇಲೆ ಮೊದಲು ಕಂಟೇನರಿನ ಸೀಲ್ ನಂಬರ್ ತಾಳೆ ನೋಡುತ್ತಿದ್ದೆ. ಬಾಗಿಲು ತೆಗೆದ ತಕ್ಷಣ ತಲೆ ಹಾಕಬಾರದು, ಹುಳಕ್ಕೆ ಹೊಡೆದ ಗ್ಯಾಸ್ ಒಳಗೇ ಇರಬಹುದು. ಗಾಳಿಯಾಡಲು ಬಿಟ್ಟು, ಆಮೇಲೆ ಮೂಗು, ಆಮೇಲೆ ಟಾರ್ಚು.

ಟಾರ್ಚು ಮೊದಲು ಚಾವಣಿಗೆ. ಹಗಲು ಕಾದ ತಗಡು ರಾತ್ರಿ ತಣ್ಣಗಾದಾಗ ಮಾಲಿನ ತೇವವೆಲ್ಲ ಅಲ್ಲಿ ಹನಿಗಟ್ಟಿ ಮೇಲಿನ ಸಾಲಿನ ಚೀಲಗಳ ಮೇಲೆ ಬೀಳುತ್ತದೆ. ಒಣಗಿದರೂ ಗೋಣಿಯ ಮೇಲೆ ಕಂದು ಅಂಚಿನ ಕಲೆ ಉಳಿಯುತ್ತದೆ. ಬಾಗಿಲ ಹತ್ತಿರದ ಚೀಲಗಳು ಎಷ್ಟೇ ಚೆನ್ನಾಗಿರಲಿ, ಮಾಲು ಇಳಿಸಿ ಮಧ್ಯದ್ದು, ತುದಿಯದ್ದು, ಕಲೆಯಿರುವ ಮೇಲಿನದ್ದು ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಬೆರೆಸುತ್ತಿದ್ದೆ. ಯಾಕೆಂದರೆ ಬೂಷ್ಟಿನ ವಿಷ, ಅಂದರೆ ಅಫ್ಲಾಟಾಕ್ಸಿನ್, ಎಲ್ಲ ಚೀಲದಲ್ಲೂ ಸಮನಾಗಿ ಇರುವುದಿಲ್ಲ. ಒಂದರಲ್ಲಿ ತುಂಬಿರುತ್ತದೆ, ಪಕ್ಕದ್ದರಲ್ಲಿ ಸುಳಿವೂ ಇರುವುದಿಲ್ಲ.

ಅಡಿಕೆ ಬಂದರೆ ನನಗೆ ಒಂಥರಾ ಖುಷಿ, ಮಲೆನಾಡಿನವನಲ್ವಾ. ಜೇಬಿನಿಂದ ಅಡಕತ್ತರಿ ತೆಗೆದಾಗ ಅಲ್ಲಿನ ಕೂಲಿಯವರು ನಗುತ್ತಿದ್ದರು. ಹೊರಗೆ ಹೊಳೆಯುವ ಅಡಿಕೆಯನ್ನು ಎರಡು ಹೋಳು ಮಾಡಿದರೆ ನಡುವಿನ ಟೊಳ್ಳಿನಲ್ಲಿ ಹಸಿರು ಬೂದಿಯಂಥ ಬೂಷ್ಟು ಕಾಣುವುದುಂಟು. ಆದರೆ ಕಣ್ಣಿಗೆ ಕಂಡದ್ದೇ ತೀರ್ಪಲ್ಲ. ಅಫ್ಲಾಟಾಕ್ಸಿನ್ ಕೆ.ಜಿ.ಗೆ 15 ಮೈಕ್ರೋಗ್ರಾಂ ದಾಟಿದೆಯೋ ಇಲ್ಲವೋ ಎಂದು ಲ್ಯಾಬೇ ಹೇಳಬೇಕು. ಸ್ಯಾಂಪಲ್ ಎರಡು ಭಾಗ ಮಾಡಿ ಸೀಲ್ ಹಾಕುತ್ತೇವೆ. ಒಂದು ಲ್ಯಾಬಿಗೆ. ಇನ್ನೊಂದು ನಮ್ಮ ಹತ್ತಿರವೇ, ಆಮದುದಾರ ಮೇಲ್ಮನವಿ ಹಾಕಿದರೆ ಬೇಕಾಗುತ್ತದೆ.

ಪ್ಯಾಕೆಟ್ ಮಾಲಿನಲ್ಲಿ ಜಗಳವೆಲ್ಲ ಲೇಬಲ್ ಮೇಲೆ. ಆಮದುದಾರನ ವಿಳಾಸ, ಲೈಸೆನ್ಸ್ ನಂಬರ್, ಸಸ್ಯಾಹಾರದ ಹಸಿರು ಗುರುತು ಇಲ್ಲದಿದ್ದರೆ ಕಿತ್ತು ಬಾರದ ಸ್ಟಿಕ್ಕರ್ ಅಂಟಿಸಿ ಸರಿಮಾಡಲು ಅವಕಾಶವಿದೆ. ತಯಾರಿಕೆ ದಿನಾಂಕವೇ ಇಲ್ಲದಿದ್ದರೆ ಮಾತ್ರ ಅಲ್ಲಿಗೆ ಮುಗೀತು, ಸ್ಯಾಂಪಲ್ ಕೂಡ ತೆಗೆಯುತ್ತಿರಲಿಲ್ಲ.